ಡ್ಯೂಟಿ ಫ್ರೀ ಎರಡು ಲೀಟರ್: ಹಾಸನಕ್ಕೆ ತಂದರೆ ನಿಜಕ್ಕೂ ದುಡ್ಡು ಉಳಿಯುತ್ತಾ?

ಹೊಳೆನರಸೀಪುರ_ಪ್ರಯಾಣಿಕ:
ಸಿಂಗಾಪುರದಿಂದ ನೇರ ವಿಮಾನದಲ್ಲಿ ಬೆಂಗಳೂರಿಗೆ, ಅಲ್ಲಿಂದ ಕಾರಿನಲ್ಲಿ ಹಾಸನಕ್ಕೆ. ಗಂಡ, ಹೆಂಡತಿ, ಹದಿನಾಲ್ಕು ವರ್ಷದ ಮಗ. ಕೇಳಬೇಕಾಗಿರೋದು ಮೂರು. ಸುಂಕ ಇಲ್ಲದೆ (ಡ್ಯೂಟಿ ಫ್ರೀ) ಒಬ್ಬರಿಗೆ ಎರಡು ಲೀಟರ್ ಮದ್ಯ ಅಂದರೆ ಮೂವರಿಗೆ ಆರು ಲೀಟರ್ ಆಗುತ್ತಾ? ಸಿಂಗಾಪುರದ ಚಾಂಗಿ ನಿಲ್ದಾಣದಲ್ಲೇ ಕೊಳ್ಳೋದಾ, ಬೆಂಗಳೂರಲ್ಲಿ ಇಳಿದ ಮೇಲಾ? ಇಷ್ಟೆಲ್ಲ ಮಾಡಿದರೆ ನಮ್ಮ ಬಿ.ಎಂ. ರಸ್ತೆ ಅಂಗಡಿ ಬೆಲೆಗಿಂತ ಎಷ್ಟು ಉಳಿಯುತ್ತೆ? ತಿಳಿದವರು ಲೆಕ್ಕ ಸಮೇತ ಹೇಳಿ.

ಕಂದಾಯ_ಕಡತ:
ಆರು ಲೀಟರಿನ ಮಾತು ಬಿಟ್ಟುಬಿಡಿ ಸರ್. ಮಗನ ಪಾಸ್‌ಪೋರ್ಟಿಗೆ ಮದ್ಯ ಕೊಡಲ್ಲ, ಅವನ ಪಾಲು ಅಂತ ನೀವು ಹಿಡಿದುಕೊಂಡು ಬಂದರೂ ಕಸ್ಟಮ್ಸ್‌ನವರು ಒಪ್ಪಲ್ಲ. ನಿಮ್ಮಿಬ್ಬರಿಗೆ ನಾಲ್ಕು ಲೀಟರ್, ಅದೂ ಎರಡೆರಡು ಲೀಟರಾಗಿ. ಒಬ್ಬರ ಪಾಲನ್ನು ಇನ್ನೊಬ್ಬರದಕ್ಕೆ ಸೇರಿಸೋಕೆ ಬ್ಯಾಗೇಜ್ ನಿಯಮದಲ್ಲಿ ಅವಕಾಶ ಇಲ್ಲ. ಹಾಗಾಗಿ ಬಿಲ್ ಬೇರೆ ಬೇರೆ ಮಾಡಿಸಿ, ಚೀಲವೂ ಬೇರೆ ಬೇರೆ ಇರಲಿ. ಹೆಂಡತಿ ಹೆಸರಿನ ಎರಡು ಬಾಟಲಿ ಗಂಡನ ಟ್ರಾಲಿಯಲ್ಲಿದ್ದು, ಅವರು ಮುಂದೆ ಹೋಗಿಬಿಟ್ಟಿದ್ದರೆ, ಸ್ಕ್ಯಾನರ್ ಹತ್ತಿರ ನಿಂತು ವಿವರಣೆ ಕೊಡಬೇಕಾಗುತ್ತೆ.

ಎರಡು ಲೀಟರ್ ಅನ್ನೋದು ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ. ‘ವಿಸ್ಕಿಗೆ ಎರಡು, ವೈನಿಗೆ ಬೇರೆ ಎರಡು’ ಅಂತ ಹೇಳೋರು ಇದ್ದಾರೆ, ಅದು ತಪ್ಪು. ಚಾಂಗಿಯಲ್ಲಿ ಕೊಂಡದ್ದು, ಊರೊಳಗೆ ಕೊಂಡು ಸೂಟ್‌ಕೇಸಿಗೆ ಹಾಕಿದ್ದು, ಬೆಂಗಳೂರಲ್ಲಿ ಇಳಿದ ಮೇಲೆ ಕೊಂಡದ್ದು, ಎಲ್ಲವೂ ಅದೇ ಎರಡು ಲೀಟರಿನೊಳಗೆ ಬರಬೇಕು. ಇಳಿದ ಜಾಗದ ಮಳಿಗೆಯಲ್ಲಿ ಕೊಂಡದ್ದು ಲೆಕ್ಕಕ್ಕಿಲ್ಲ ಅಂದುಕೊಂಡು ಸಿಕ್ಕಿಬೀಳುವವರೇ ಹೆಚ್ಚು.

ಇನ್ನೊಂದು ಮಿತಿ ಬೆಲೆಯದು. ಸುಂಕ ಇಲ್ಲದೆ ತರಬಹುದಾದ ವಸ್ತುಗಳ ಒಟ್ಟು ಬೆಲೆಗೆ ಒಂದು ಉಚಿತ ಮಿತಿ ಇದೆ, ಎರಡು ಲೀಟರಿನೊಳಗಿನ ಮದ್ಯದ ಬೆಲೆಯೂ ಅದರಲ್ಲೇ ಸೇರುತ್ತೆ. 2016ರ ನಿಯಮದಲ್ಲಿ ಆ ಮಿತಿ 50,000 ರೂಪಾಯಿ ಇತ್ತು, 2026ರ ಫೆಬ್ರವರಿಯ ಹೊಸ ನಿಯಮದಲ್ಲಿ 75,000 ಆಗಿದೆ. ಸಾಧಾರಣ ಬಾಟಲಿ ಕೊಳ್ಳುವವರಿಗೆ ಇದು ತಟ್ಟೋದಿಲ್ಲ. ಆದರೆ ಹೊಸ ಫೋನು, ವಾಚು, ಜೊತೆಗೆ ಇಪ್ಪತ್ತೈದು ವರ್ಷದ ಮಾಲ್ಟ್ ವಿಸ್ಕಿ ಅಂತ ಹೊರಟರೆ ಮೊತ್ತ ಕೂಡಿಸಿ ನೋಡಲೇಬೇಕು.

ಮೂಡಿಗೆರೆ_ಟಿಕೆಟ್:
ಮೇಲಿನದಕ್ಕೆ ಬಾಟಲಿ ಗಾತ್ರದ ವಿಷಯ ಸೇರಿಸ್ತೀನಿ, ತೊಂದರೆ ಶುರುವಾಗೋದೇ ಅಲ್ಲಿ. ಭಾರತದ ಅಂಗಡಿಯಲ್ಲಿ ಫುಲ್ ಬಾಟಲಿ ಅಂದರೆ 750 ಎಂಎಲ್. ಹೊರದೇಶದ ಊರಂಗಡಿಗಳಲ್ಲಿ ಹೆಚ್ಚಾಗಿ 700. ಡ್ಯೂಟಿ ಫ್ರೀಯಲ್ಲಿ ಒಂದು ಲೀಟರ್. ಒಂದು ಲೀಟರಿನ ಎರಡು ಕೊಂಡರೆ ಪಾಲು ಸರಿಯಾಗಿ ಮುಗಿಯಿತು. 700ರ ಮೂರು ಕೊಂಡರೆ 2,100, ಅಂದರೆ ನೂರು ಎಂಎಲ್ ಹೆಚ್ಚು. ವೈನ್ 750ರ ಮೂರು ಕೊಂಡರೆ 2,250. 700ರ ಎರಡು ಮತ್ತು 500ರ ಒಂದು ಕೊಂಡರೆ 1,900, ಒಳಗಿದ್ದೀರಿ. ಅಮೆರಿಕದಿಂದ ಬರುವವರು 1.75 ಲೀಟರಿನ ದೊಡ್ಡ ಬಾಟಲಿ ತರ್ತಾರೆ, ಅದರ ಜೊತೆ 50 ಎಂಎಲ್‌ನ ಐದು ಮರಿ ಬಾಟಲಿ ಬಿಟ್ಟರೆ ಬೇರೇನೂ ಹಿಡಿಯಲ್ಲ.

‘ನೂರು ಎಂಎಲ್‌ಗೆ ಯಾರು ಕೇಳ್ತಾರೆ’ ಅಂತ ಹೇಳಿಕೊಟ್ಟು ಕಳಿಸುವವರ ಮಾತು ಕೇಳಬೇಡಿ. ಬಿಡೋದು ಬಿಡದೇ ಇರೋದು ಎದುರಿಗಿರುವ ಅಧಿಕಾರಿಗೆ ಬಿಟ್ಟದ್ದು, ನಿಯಮದಲ್ಲಿ ಆ ನೂರಕ್ಕೆ ವಿನಾಯಿತಿ ಇಲ್ಲ.

ಬಾಬಾಬುಡನ್_ಹಬೆ:
ಹೆಚ್ಚಾದರೆ ಏನು ಕಟ್ಟಬೇಕು? 38.5 ಶೇಕಡಾ ಅಂತ ಕೇಳಿದ್ದೆ.

ಕಂದಾಯ_ಕಡತ:
38.5 ಅನ್ನೋದು ಉಚಿತ ಮಿತಿ ದಾಟಿದ ಸಾಮಾನ್ಯ ವಸ್ತುಗಳ ದರ: ಮೂಲ ಸುಂಕ 35, ಅದರ ಮೇಲೆ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್ಚಾರ್ಜ್. ಎರಡು ಲೀಟರ್ ದಾಟಿದ ಮದ್ಯ ಆ ಪಟ್ಟಿಗೆ ಬರಲ್ಲ. ನೂರಕ್ಕಿಂತ ಹೆಚ್ಚು ಸಿಗರೇಟು, ಮದ್ಯ, ಬಂದೂಕು ಇವೆಲ್ಲ ರಿಯಾಯಿತಿ ದರದಿಂದ ಹೊರಗಿಟ್ಟವು. ಬಾಟಲಿ ಬೆಲೆಗಿಂತ ಸುಂಕವೇ ಹೆಚ್ಚಾಗುತ್ತೆ ಅಂತ ಇಟ್ಟುಕೊಳ್ಳಿ. ಅಂದ ಮೇಲೆ ಮೂರನೇ ಲೀಟರಿನಲ್ಲಿ ಉಳಿತಾಯ ಅನ್ನೋದು ಹುಟ್ಟೋದೇ ಇಲ್ಲ.

ಕೈಯಲ್ಲಿ ಹೆಚ್ಚು ಇದ್ದೇಬಿಟ್ಟರೆ ದಾರಿ ಹೀಗಿದೆ. ರೆಡ್ ಚಾನೆಲ್‌ಗೆ (ಸುಂಕ ಕಟ್ಟಬೇಕಾದ್ದು ಇರುವವರ ದಾರಿ) ಹೋಗಿ, ಇರೋದನ್ನು ಇದ್ದ ಹಾಗೆ ಹೇಳಿ. ಇಲಾಖೆಯ ಅತಿಥಿ ಆ್ಯಪ್‌ನಲ್ಲಿ ವಿಮಾನ ಹತ್ತೋ ಮೊದಲೇ ಘೋಷಣೆ ತುಂಬಬಹುದು. ಸುಂಕ ಕಟ್ಟಿ ರಸೀದಿ ತಗೊಂಡು ಹೊರಗೆ ಬರಬಹುದು. ಕಟ್ಟೋಕೆ ಇಷ್ಟ ಇಲ್ಲ, ಕೆಲವೇ ವಾರದಲ್ಲಿ ವಾಪಸ್ ಹೊರದೇಶಕ್ಕೆ ಹೋಗ್ತೀರಿ ಅಂದರೆ, ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ ವಸ್ತುವನ್ನು ಅಲ್ಲೇ ಇಡಿಸಿ, ಹೊರಡುವಾಗ ರಸೀದಿ ತೋರಿಸಿ ತಗೋಬಹುದು. ಇದಕ್ಕೆ ಷರತ್ತು ಒಂದೇ: 77ನೇ ಸೆಕ್ಷನ್ನಿನ ಘೋಷಣೆಯನ್ನು ನೀವೇ ಮೊದಲು ನಿಜವಾಗಿ ಮಾಡಿರಬೇಕು. ಗ್ರೀನ್ ಚಾನೆಲ್‌ನಲ್ಲಿ (ಘೋಷಿಸೋಕೆ ಏನೂ ಇಲ್ಲದವರ ದಾರಿ) ನಡೆದು ಸ್ಕ್ಯಾನರಿನಲ್ಲಿ ಸಿಕ್ಕ ಮೇಲೆ ಈ ಅನುಕೂಲ ಕೇಳೋಕೆ ಆಗಲ್ಲ. ಆಗ ಜಪ್ತಿ, ಬಿಡಿಸಿಕೊಳ್ಳೋ ದಂಡ, ಅದರ ಮೇಲೆ ಬೇರೆ ಪೆನಾಲ್ಟಿ.

ಎಂಆರ್‌ಪಿ_ಲೆಕ್ಕ:
ಈಗ ದುಡ್ಡಿನ ವಿಷಯಕ್ಕೆ ಬರೋಣ, ಪ್ರಶ್ನೆ ಕೇಳಿದವರಿಗೆ ಬೇಕಾಗಿರೋದು ಅದು. ಉಳಿತಾಯ ಇದೆಯೋ ಇಲ್ಲವೋ ಅನ್ನೋದನ್ನು ಬಾಟಲಿ ಮೇಲಿನ ಬೆಲೆ ನೋಡಿ ಹೇಳೋಕೆ ಬರಲ್ಲ. ನಾಲ್ಕು ಸಂಗತಿ ಒಟ್ಟಿಗೆ ನೋಡಬೇಕು: ಯಾವ ಬೆಲೆಗೆ ಹೋಲಿಸ್ತೀರಿ, ಎಷ್ಟು ಎಂಎಲ್, ಎಷ್ಟು ಶೇಕಡಾ ಆಲ್ಕೋಹಾಲ್, ಕಾರ್ಡಿನಲ್ಲಿ ಎಷ್ಟು ಕಟ್ ಆಗುತ್ತೆ.

ಹೋಲಿಕೆ ಯಾವುದಕ್ಕೆ? ಸಿಎಲ್-2 ಲೈಸೆನ್ಸಿನ ಚಿಲ್ಲರೆ ಅಂಗಡಿ ಅಥವಾ ಸರ್ಕಾರಿ ಎಂಎಸ್‌ಐಎಲ್ ಮಳಿಗೆಯ ಎಂಆರ್‌ಪಿಗೆ. ಬಾರ್, ಅಂದರೆ ಸಿಎಲ್-9, ಕೂತು ಕುಡಿಯೋ ಜಾಗ. ಅಲ್ಲಿನ ಪೆಗ್ ಲೆಕ್ಕಕ್ಕೆ ಹೋಲಿಸಿದರೆ ಜಗತ್ತಿನ ಯಾವ ಅಂಗಡಿಯೂ ಅಗ್ಗವೇ. ರಾಜ್ಯದ ಮದ್ಯ ಸಗಟು ನಿಗಮ ಕೆಎಸ್‌ಬಿಸಿಎಲ್ ತಾಣದಲ್ಲಿ ಬ್ರಾಂಡ್‌ವಾರು ಎಂಆರ್‌ಪಿ ಪಟ್ಟಿ ಇರುತ್ತೆ, ಹೊರಡೋ ಮೊದಲು ಬೇಕಾದ ಬ್ರಾಂಡಿನ ಬೆಲೆಯನ್ನು ಫೋನಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳಿ. ಹಳೆಯ ಬೆಲೆ ನೆನಪಿನಿಂದ ಹೋಲಿಸಬೇಡಿ. 2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ದುಬಾರಿ ಸ್ಲ್ಯಾಬ್‌ಗಳ (ಬೆಲೆ ಹಂತಗಳ) ಅಬಕಾರಿ ಸುಂಕ ಇಳಿಸಿದ ಮೇಲೆ ಮೇಲ್ದರ್ಜೆ ಬ್ರಾಂಡುಗಳ ವ್ಯತ್ಯಾಸ ಮೊದಲಿನಷ್ಟು ಉಳಿದಿಲ್ಲ.

ಲೆಕ್ಕ ತೋರಿಸೋಕೆ ನಾನೇ ಹಿಡಿದ ಅಂಕಿಗಳಿವು, ಯಾವ ಬ್ರಾಂಡಿನ ಬೆಲೆಯೂ ಅಲ್ಲ. ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಿ ಬಂದ 12 ವರ್ಷದ ವಿಸ್ಕಿ, ಒಂದು ಲೀಟರ್, ಡ್ಯೂಟಿ ಫ್ರೀ ಬೆಲೆ 40 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ 3,600. ಮಾಮೂಲಿ ಕ್ರೆಡಿಟ್ ಕಾರ್ಡು ವಿದೇಶಿ ಕರೆನ್ಸಿಗೆ 3.5 ಶೇಕಡಾ ಮಾರ್ಕ್‌ಅಪ್ (ಹೆಚ್ಚುವರಿ ಶುಲ್ಕ) ಹಾಕಿ, ಆ ಮಾರ್ಕ್‌ಅಪ್ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕುತ್ತೆ. ಒಟ್ಟು 4.13 ಶೇಕಡಾ, ಅಂದರೆ ಸುಮಾರು 149 ರೂಪಾಯಿ. ಕೈಬಿಟ್ಟು ಹೋದದ್ದು 3,749. ಇದನ್ನು 750 ಎಂಎಲ್‌ಗೆ ಇಳಿಸಿದರೆ 2,812. ಅದೇ ವಿಸ್ಕಿ ಇಲ್ಲಿ 750 ಎಂಎಲ್‌ಗೆ 4,200 ಇದ್ದರೆ ಉಳಿಯೋದು ಬಾಟಲಿಗೆ 1,388, ಲೀಟರಿಗೆ 1,851. ಎರಡು ಲೀಟರಿಗೆ 3,700ರ ಆಸುಪಾಸು. ಇದು ನಿಜವಾದ ಉಳಿತಾಯ.

ಇನ್ನೊಂದು ನೋಡಿ. ಸ್ಕಾಚ್ ಅಂತಲೇ ಹೆಸರು, ಆದರೆ ಪೀಪಾಯಿಯಲ್ಲಿ ತರಿಸಿ ಭಾರತದಲ್ಲಿ ಬಾಟಲಿಗೆ ತುಂಬೋದು. ಹಂಡ್ರೆಡ್ ಪೈಪರ್ಸ್, ವ್ಯಾಟ್ 69, ಟೀಚರ್ಸ್, ಬ್ಲ್ಯಾಕ್ ಡಾಗ್ ಈ ಸಾಲಿನವು. ಇಂಥದರ ಒಂದು ಲೀಟರ್ ಡ್ಯೂಟಿ ಫ್ರೀಯಲ್ಲಿ 22 ಡಾಲರ್ ಅಂದುಕೊಳ್ಳಿ: 1,980, ಕಾರ್ಡ್ ಖರ್ಚು ಸೇರಿ 2,062. 750ಕ್ಕೆ ಇಳಿಸಿದರೆ 1,546. ಇಲ್ಲಿ ಎಂಆರ್‌ಪಿ 1,700 ಇದ್ದರೆ 154 ರೂಪಾಯಿ ಉಳಿತಾಯ ಅನ್ನಿಸುತ್ತೆ. ಆದರೆ ಇಲ್ಲಿ ತುಂಬಿದ್ದು 42.8 ಶೇಕಡಾ, ಹೊರಗಿನದು ಸಾಮಾನ್ಯವಾಗಿ 40. ಅದನ್ನೂ ಸರಿದೂಗಿಸಿದರೆ 1,546 ಹೋಗಿ 1,655 ಆಗುತ್ತೆ. ಉಳಿದದ್ದು 45 ರೂಪಾಯಿ! ಅದಕ್ಕೋಸ್ಕರ ಒಂದೂವರೆ ಕೆಜಿ ಗಾಜು ಹೊತ್ತು ತರಬೇಕಾ?

ನನ್ನ ಮಾತಿನ ತಿರುಳು ಇಷ್ಟು: ಬೆಲೆಗಿಂತ ದುರ್ಲಭವಾದದ್ದು ಆ ಎರಡು ಲೀಟರ್ ಪಾಲು. ಪ್ರತಿ ಲೀಟರಿಗೆ ಅತಿ ಹೆಚ್ಚು ಉಳಿಸುವ ಬಾಟಲಿಗೆ ಅದನ್ನು ಕೊಡಬೇಕು. ಬಿಯರಿಗೆ ಕೊಟ್ಟರೆ ಪಾಲು ಹಾಳು. ಇಲ್ಲೇ ಸುಲಭವಾಗಿ ಸಿಗೋ ಕಡಿಮೆ ಬೆಲೆಯ ವೋಡ್ಕಾ, ಬಕಾರ್ಡಿ ತರಹದ ರಮ್ಮು, ಇಲ್ಲಿ ತುಂಬಿದ ಸ್ಕಾಚು, ಇವಕ್ಕೆ ಕೊಟ್ಟರೂ ಅಷ್ಟೇ. ಮೂಲದೇಶದಲ್ಲೇ ತುಂಬಿದ ಸಿಂಗಲ್ ಮಾಲ್ಟ್, ಹಳೆಯ ಬ್ಲೆಂಡ್, ಕೊನ್ಯಾಕ್, ಒಳ್ಳೆಯ ಟೆಕೀಲಾ, ಇವುಗಳಲ್ಲಿ ಫಲ ಇದೆ. ಹಿಂಬದಿ ಲೇಬಲ್‌ನಲ್ಲಿ ಎಲ್ಲಿ ತುಂಬಿದ್ದು ಅಂತ ಬರೆದಿರುತ್ತೆ, ಇಲ್ಲಿನ ಅಂಗಡಿಯಲ್ಲಿ ಒಂದು ಸಲ ಬಾಟಲಿ ತಿರುಗಿಸಿ ನೋಡಿದರೆ ಗೊತ್ತಾಗುತ್ತೆ.

ಬೇಲೂರು_ಬಳಪದಕಲ್ಲು:
ಅಮೃತ್ ಡ್ಯೂಟಿ ಫ್ರೀಯಲ್ಲಿ ನೋಡಿದರೆ ಆಸೆ ಆಗುತ್ತೆ. ಅದನ್ನು ಅಲ್ಲಿ ಕೊಳ್ಳೋದು ಲಾಭವಾ?

ಎಂಆರ್‌ಪಿ_ಲೆಕ್ಕ:
ಅಮೃತ್ ಬೆಂಗಳೂರಿನದೇ ಡಿಸ್ಟಿಲರಿ, 1948ರಲ್ಲಿ ಶುರುವಾದದ್ದು. ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಗ್ಲಾಸ್ಗೋದಲ್ಲಿ. ಇಲ್ಲಿ ತಯಾರಾದದ್ದರ ಮೇಲೆ ಕಸ್ಟಮ್ಸ್ ಸುಂಕವೇ ಇಲ್ಲ, ಬರೀ ರಾಜ್ಯದ ಅಬಕಾರಿ. ಹಾಗಾಗಿ ಡ್ಯೂಟಿ ಫ್ರೀಯಲ್ಲಿ ಬಿಟ್ಟುಹೋಗುವ ತೆರಿಗೆಯೂ ಕಡಿಮೆ, ಆಮದು ಮಾಲ್ಟಿನಷ್ಟು ವ್ಯತ್ಯಾಸ ಬರಲ್ಲ. ಪಾಲ್ ಜಾನ್‌ಗೂ ಇದೇ ಮಾತು. ಎಂಎಲ್ ಲೆಕ್ಕ ಹಾಕಿ, ಬಾಟಲಿ 700ದಾ 750ದಾ ನೋಡಿ ತೀರ್ಮಾನಿಸಿ. ಊರಲ್ಲಿ ಸಿಗದ ವಿಶೇಷ ಆವೃತ್ತಿಯಾದರೆ ಅದು ಬೇರೆ, ಅದು ಇಷ್ಟದ ಖರೀದಿ.

‘ಟ್ರಾವೆಲ್ ಎಕ್ಸ್‌ಕ್ಲೂಸಿವ್’ ಅಂತ ಬರೆದ ಬಾಟಲಿಗಳ ಬಗ್ಗೆಯೂ ಎಚ್ಚರ ಇರಲಿ. ವಿಮಾನ ನಿಲ್ದಾಣಕ್ಕೆಂದೇ ತಯಾರಿಸೋದರಿಂದ ಹೊರಗೆ ಬೆಲೆ ಹೋಲಿಸೋಕೆ ಬೇರೆ ಬಾಟಲಿಯೇ ಇರಲ್ಲ. ಎಷ್ಟೋ ಸಲ ವಯಸ್ಸು ಬರೆದಿರಲ್ಲ, ಹೆಸರು ಮಾತ್ರ ಭಾರಿ. 12, 15, 18 ಅಂತ ವಯಸ್ಸು ನಮೂದಿಸಿದ, ಊರಲ್ಲೂ ಸಿಗುವ ಬಾಟಲಿಯನ್ನೇ ಹಿಡಿದರೆ ಲೆಕ್ಕ ತಪ್ಪಲ್ಲ.

ಬಾಬಾಬುಡನ್_ಹಬೆ:
ಬೆಂಗಳೂರು ನಿಲ್ದಾಣದ ಮಳಿಗೆಯೂ ಕರ್ನಾಟಕದಲ್ಲೇ ಇರೋದಲ್ವಾ? ನಮ್ಮ ರಾಜ್ಯದ ತೆರಿಗೆ ಅದಕ್ಕೆ ಯಾಕಿಲ್ಲ?

ಕಂದಾಯ_ಕಡತ:
ಒಳ್ಳೆ ಪ್ರಶ್ನೆ. ಇದು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಬೆಂಗಳೂರು ನಿಲ್ದಾಣದ ಮಳಿಗೆಯ ವಿಷಯದಲ್ಲೇ. ಕೇಂದ್ರದ ಪ್ರವಾಸೋದ್ಯಮ ನಿಗಮ ಐಟಿಡಿಸಿ ನಡೆಸುತ್ತಿದ್ದ ಡ್ಯೂಟಿ ಫ್ರೀ ವ್ಯಾಪಾರಕ್ಕೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ವ್ಯಾಟ್ ಹಾಕಿತು. 2012ರ ಫೆಬ್ರವರಿಯಲ್ಲಿ ಬಂದ ಹೋಟೆಲ್ ಅಶೋಕ (ಐಟಿಡಿಸಿ) ಪ್ರಕರಣದ ತೀರ್ಪು, ಆ ಸರಕು ಭಾರತದ ಕಸ್ಟಮ್ಸ್ ಗಡಿ ದಾಟುವ ಮೊದಲೇ ಮಾರಾಟವಾಗುತ್ತೆ, ಆದ್ದರಿಂದ ಸಂವಿಧಾನದ 286ನೇ ವಿಧಿಯಂತೆ ರಾಜ್ಯ ಅದರ ಮೇಲೆ ಮಾರಾಟ ತೆರಿಗೆ ಹಾಕುವಂತಿಲ್ಲ ಅಂತ ಹೇಳಿತು. ನೀವು ದೇವನಹಳ್ಳಿ ನೆಲದ ಮೇಲೆ ನಿಂತಿದ್ದರೂ ಸರಕು ಇನ್ನೂ ಗಡಿಯಾಚೆ ಇದ್ದ ಹಾಗೆ. ಕಸ್ಟಮ್ಸ್ ಬಾಗಿಲು ದಾಟೋದು ಬಾಟಲಿ ನಿಮ್ಮ ಕೈಗೆ ಬಂದ ಮೇಲೆ, ನಿಮ್ಮ ಬ್ಯಾಗೇಜಾಗಿ. ಅದಕ್ಕೇ ಅದು ನಿಮ್ಮ ಎರಡು ಲೀಟರಿನಲ್ಲಿ ಸೇರೋದು.

ಇದೇ ಕಾರಣಕ್ಕೆ ಮುಂಬೈಗೋ ದೆಹಲಿಗೋ ಹೋಗುವಾಗ ದೇಶೀಯ ವಿಭಾಗದಲ್ಲಿ ಕಾಣುವ ಮದ್ಯದಂಗಡಿ ಡ್ಯೂಟಿ ಫ್ರೀ ಅಲ್ಲ. ಅಲ್ಲಿ ತೆರಿಗೆ ಎಲ್ಲ ಸೇರಿದ ಬೆಲೆ.

ಮೂಡಿಗೆರೆ_ಟಿಕೆಟ್:
ಚಾಂಗಿಯಾ ಬೆಂಗಳೂರಾ ಅನ್ನೋದಕ್ಕೆ ಉತ್ತರ. ನಿಮ್ಮದು ನೇರ ವಿಮಾನ, ಹಾಗಾಗಿ ಎರಡೂ ಕಡೆ ತೊಂದರೆ ಇಲ್ಲ. 2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟಿ2ನಲ್ಲಿ, ಅಂದರೆ ಎರಡನೇ ಟರ್ಮಿನಲ್‌ನಲ್ಲಿ. ಇಮಿಗ್ರೇಷನ್ ಮುಗಿಸಿದ ಮೇಲೆ, ಕಸ್ಟಮ್ಸ್ ದಾಟುವ ಮೊದಲು, ಆಗಮನದ ಮಳಿಗೆ ಸಿಗುತ್ತೆ. ಎರಡೂ ಕಡೆಯ ಬೆಲೆ ಅವರವರ ತಾಣದಲ್ಲೇ ಇರುತ್ತೆ, ಹೊರಡೋ ಹಿಂದಿನ ದಿನ ಒಂದೇ ಬ್ರಾಂಡು ಒಂದೇ ಗಾತ್ರ ಇಟ್ಟು ಹೋಲಿಸಿ. ಮುಂಗಡ ಬುಕಿಂಗಿಗೆ ರಿಯಾಯಿತಿ ಇದ್ದರೆ ಬೆಂಗಳೂರೇ ಗೆಲ್ಲಬಹುದು. ಬುಕ್ ಮಾಡಿದ್ದನ್ನು ಅಲ್ಲಿನ ಕೌಂಟರಿನಲ್ಲಿ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ತೋರಿಸಿ ಪಡೀಬೇಕು. ಬೋರ್ಡಿಂಗ್ ಪಾಸ್ ಫೋನಿನಲ್ಲಿ ಮಾತ್ರ ಇದ್ದು ಬ್ಯಾಟರಿ ಸತ್ತರೆ ಕೌಂಟರಿನಲ್ಲಿ ಪರದಾಟ. ಕಾಗದದ ತುಂಡನ್ನು ವಿಮಾನದ ಸೀಟಿನಲ್ಲಿ ಬಿಟ್ಟು ಬರೋದು ಬೇಡ.

ಚಾಂಗಿಯಲ್ಲಿ ಕೊಂಡರೆ ಕಡಿಮೆ ದರದ ಕೆಲವು ವಿಮಾನ ಕಂಪನಿಗಳು ಕೈಚೀಲದ 7 ಕೆಜಿಯಲ್ಲಿ ಆ ಚೀಲವನ್ನೂ ತೂಗುತ್ತವೆ. ಎರಡು ಲೀಟರ್ ಬಾಟಲಿ ಅಂದರೆ ಗಾಜು ಸೇರಿ ಮೂರು ಕೆಜಿ ದಾಟುತ್ತೆ. ಬೆಲೆಯಲ್ಲಿ ನೂರಿನ್ನೂರು ವ್ಯತ್ಯಾಸ ಇದ್ದರೂ ಇಳಿದ ಜಾಗದಲ್ಲೇ ಕೊಳ್ಳಿ ಅನ್ನೋದು ನನ್ನ ಸಲಹೆ.

ಬಿಲ್ಲಿಂಗ್‌ನಲ್ಲಿ ಕಾರ್ಡ್ ಮೆಷಿನ್ ‘ರೂಪಾಯಿಯಲ್ಲಿ ಕಟ್ತೀರಾ, ಸಿಂಗಾಪುರ ಡಾಲರಿನಲ್ಲಾ’ ಅಂತ ಕೇಳಿದರೆ ಅಲ್ಲಿನ ಡಾಲರೇ ಆರಿಸಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಪರಿವರ್ತನೆ ಆಗುತ್ತೆ, ಅದು ನಿಮ್ಮ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ಕೆಟ್ಟದ್ದು, ಎಷ್ಟೋ ಬ್ಯಾಂಕು ಅದರ ಮೇಲೂ ಶುಲ್ಕ ಹಾಕುತ್ತೆ. ಮಾರ್ಕ್‌ಅಪ್ ಇಲ್ಲದ ಫಾರೆಕ್ಸ್ ಕಾರ್ಡಿನಲ್ಲಿ ಮಿಕ್ಕ ಡಾಲರ್ ಇದ್ದರೆ ಅದನ್ನು ಮುಗಿಸೋಕೆ ಇದೇ ಸರಿಯಾದ ಜಾಗ.

ಸಕಲೇಶಪುರ_ಘಾಟಿ:
ನೇರ ವಿಮಾನ ಇಲ್ಲದವರ ವಿಷಯ ಹೇಳಿ ಸಾರ್. ಮುಂಬೈನಲ್ಲಿ ಇಳಿದು ಮಂಗಳೂರಿಗೆ ದೇಶೀಯ ವಿಮಾನ, ಅಲ್ಲಿಂದ ಶಿರಾಡಿ ಹತ್ತಿ ಬರೋರು ನಮ್ಮ ಕಡೆ ಬಹಳ.

ಮೂಡಿಗೆರೆ_ಟಿಕೆಟ್:
ಅಲ್ಲೇ ಹೆಚ್ಚು ಬಾಟಲಿ ಕಳೆದುಹೋಗೋದು. ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಮೊದಲು ಇಳಿದ ಮುಂಬೈಯಲ್ಲೇ ಮುಗಿಯುತ್ತೆ. ಆಮೇಲೆ ದೇಶೀಯ ಭದ್ರತಾ ತಪಾಸಣೆ ಇದೆ. ಕೈಯಲ್ಲಿ ಬಾಟಲಿ ಹಿಡಿದುಕೊಂಡು ಅಲ್ಲಿಗೆ ಹೋದರೆ ಬಿಡ್ತಾರೋ ಇಲ್ಲವೋ ಅನ್ನೋ ಭರವಸೆ ಇಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಬೆಲ್ಟಿನಿಂದ ಸೂಟ್‌ಕೇಸ್ ತಗೊಳ್ಳಿ, ಬಾಟಲಿಗಳನ್ನು ಅದರೊಳಗೆ ಇಡಿ, ಬೀಗ ಹಾಕಿ, ಆಮೇಲೆ ಟ್ರಾನ್ಸ್‌ಫರ್ ಕೌಂಟರಿನಲ್ಲಿ ಮತ್ತೆ ಚೆಕ್-ಇನ್ ಮಾಡಿ. ಸೂಟ್‌ಕೇಸ್ ಕೊಟ್ಟ ಮೇಲೆ ಬಾಟಲಿ ನೆನಪಾದರೆ ಪ್ರಯೋಜನ ಇಲ್ಲ. ಸೂಟ್‌ಕೇಸಿನಲ್ಲಿ ಮೂರು ಕೆಜಿ, ಎರಡು ಬಾಟಲಿಯಷ್ಟು ಮೆತ್ತನೆ ಜಾಗ ಮೊದಲೇ ಖಾಲಿ ಬಿಟ್ಟಿರಿ. ಎರಡು ಟಿಕೆಟ್ ಬೇರೆ ಬೇರೆ ಪಿಎನ್‌ಆರ್ ಆಗಿದ್ದರೆ ದೇಶೀಯ ವಿಮಾನದಲ್ಲಿ 15 ಕೆಜಿ ಮಿತಿಯೇ ಸಿಗಬಹುದು. ಹೆಚ್ಚಿನ ತೂಕಕ್ಕೆ ಕಟ್ಟೋ ಹಣದಲ್ಲಿ ವಿಸ್ಕಿಯ ಉಳಿತಾಯ ಕೊಚ್ಚಿಹೋಗುತ್ತೆ.

ಹೊರದೇಶದ ಟ್ರಾನ್ಸಿಟ್ ಬೇರೆ ಕಥೆ. ಅಮೆರಿಕದಲ್ಲಿ ಕೊಂಡು ದುಬೈನಲ್ಲಿ ವಿಮಾನ ಬದಲಿಸಿ ಬರೋರು ಇದ್ದರೆ, ಅಂಗಡಿಯವರು ಕೊಡುವ ಕೆಂಪು ಅಂಚಿನ ಮೊಹರು ಚೀಲವನ್ನು ಬೆಂಗಳೂರಿಗೆ ಬರೋವರೆಗೆ ಒಡೆಯಬೇಡಿ. ಬಿಲ್ ಅದರೊಳಗೆ ಕಾಣುವಂತಿರಬೇಕು. ‘ಸ್ವಲ್ಪ ನೋಡೋಣ’ ಅಂತ ಮೊಹರು ಕಿತ್ತರೆ ಮುಂದಿನ ತಪಾಸಣೆಯಲ್ಲಿ ಅದು ನೂರು ಎಂಎಲ್ ದಾಟಿದ ದ್ರವ, ಕಸದ ಡಬ್ಬಿಗೆ ಹೋಗುತ್ತೆ. ಕೊನೆಯ ಟ್ರಾನ್ಸಿಟ್ ನಿಲ್ದಾಣದಲ್ಲಿ ಕೊಂಡರೆ ಈ ತಲೆನೋವೇ ಇಲ್ಲ.

ಬಾಬಾಬುಡನ್_ಹಬೆ:
ಸೌದಿ, ಕುವೈತ್‌ನಲ್ಲಿ ಕೆಲಸ ಮಾಡೋ ನಮ್ಮೂರಿನವರಿಗೆ ಅಲ್ಲಿ ಕೊಳ್ಳೋ ಹಾಗೇ ಇಲ್ಲ.

ಮೂಡಿಗೆರೆ_ಟಿಕೆಟ್:
ಅವರಿಗೆ ಆಗಮನದ ಮಳಿಗೆಯೇ ದಾರಿ. ಯಾವ ದೇಶದಿಂದ ಹೊರಟಿದ್ದು ಅನ್ನೋದು ಅಲ್ಲಿ ಮುಖ್ಯ ಆಗಲ್ಲ, ಹೊರದೇಶದಿಂದ ಇಳಿದ ಪ್ರಯಾಣಿಕ ಆಗಿದ್ದರೆ ಸಾಕು. ಮಂಗಳೂರಿಗೆ ನೇರವಾಗಿ ಇಳಿದು ಚಾರ್ಮಾಡಿ ಮೇಲೆ ಬರೋರು ಅಲ್ಲಿ ತಮಗೆ ಬೇಕಾದ ಬ್ರಾಂಡು ಸಿಗುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಸಣ್ಣ ನಿಲ್ದಾಣದಲ್ಲಿ ಬೆಂಗಳೂರಿನಷ್ಟು ಆಯ್ಕೆ ಸಿಗಲ್ಲ.

ಇಲ್ಲಿಂದ ಹೊರಗೆ ಒಯ್ಯೋದಾದರೆ ಆ ದೇಶದ ಮಿತಿ ನೋಡಬೇಕು, ನಮ್ಮ ಎರಡು ಲೀಟರ್ ಅಲ್ಲಿ ನಡೆಯಲ್ಲ. ಅಮೆರಿಕಕ್ಕೆ ಒಂದು ಲೀಟರ್, ವಯಸ್ಸು 21 ಆಗಿರಬೇಕು. ಆಸ್ಟ್ರೇಲಿಯಾಕ್ಕೆ 2.25 ಲೀಟರ್. ಬ್ರಿಟನ್ನಿಗೆ ವಿಸ್ಕಿಯಂಥದ್ದು 4 ಲೀಟರ್, ಅದರ ಜೊತೆ ಸಾಧಾರಣ ವೈನ್ 18 ಲೀಟರ್, ಬಿಯರ್ 42 ಲೀಟರ್, ಇಷ್ಟು ಧಾರಾಳ 2021ರಿಂದ. ದುಬೈಗೆ 4 ಲೀಟರ್. ಸಿಂಗಾಪುರಕ್ಕೆ ಒಟ್ಟು 2 ಲೀಟರ್, ಆದರೆ ಮಲೇಷ್ಯಾದಿಂದ ದಾಟಿದರೆ ಆ ರಿಯಾಯಿತಿಯೂ ಇಲ್ಲ. ಮಾಲ್ಡೀವ್ಸ್‌ಗೆ ಒಂದು ಹನಿಯೂ ಇಲ್ಲ, ನಿಲ್ದಾಣದಲ್ಲೇ ತೆಗೆದಿಟ್ಟು ಹಿಂತಿರುಗುವಾಗ ಕೊಡ್ತಾರೆ. ಸೂಟ್‌ಕೇಸಿನಲ್ಲಿ ಇಡೋದಾದರೆ 24ರಿಂದ 70 ಶೇಕಡಾ ಆಲ್ಕೋಹಾಲಿನದು ಒಬ್ಬರಿಗೆ ಐದು ಲೀಟರ್ ಮಾತ್ರ, ಮೊಹರು ಒಡೆಯದ ಬಾಟಲಿಯಲ್ಲಿ. 70 ದಾಟಿದ್ದು ವಿಮಾನದಲ್ಲೇ ನಿಷೇಧ. ಚಿಕ್ಕಮಗಳೂರಿನವರಿಗೆ ಒಂದು ಮಾತು ಜೊತೆಗೆ: ಅಮೆರಿಕಕ್ಕೆ ಕಾಫಿಪುಡಿ ಒಯ್ಯುವಾಗ ಕೈಚೀಲದಲ್ಲಿ 350 ಎಂಎಲ್ ಗಾತ್ರ ದಾಟಿದ ಪುಡಿಗೆ ಹೆಚ್ಚುವರಿ ತಪಾಸಣೆ ಇದೆ. ಕಾಫಿಪುಡಿ ಸೂಟ್‌ಕೇಸಿಗೆ ಹಾಕಿ.

ಬೇಲೂರು_ಬಳಪದಕಲ್ಲು:
ಚಾಕೊಲೇಟು, ಸೆಂಟು?

ಎಂಆರ್‌ಪಿ_ಲೆಕ್ಕ:
ಚಾಕೊಲೇಟು ನಿಲ್ದಾಣದಲ್ಲಿ ಬೇಡ. ಸಿಂಗಾಪುರದ ಮುಸ್ತಫಾ ಥರದ ಊರಂಗಡಿಯಲ್ಲೋ ಸೂಪರ್ ಮಾರ್ಕೆಟ್ಟಿನಲ್ಲೋ ಕೊಂಡರೆ ಅಗ್ಗ. ಚಾಕೊಲೇಟಿನ ಮೇಲೆ ಮದ್ಯದಷ್ಟು ತೆರಿಗೆ ಎಲ್ಲೂ ಇಲ್ಲ, ತೆರಿಗೆ ಬಿಟ್ಟುಕೊಟ್ಟರೂ ನಿಲ್ದಾಣದ ಬಾಡಿಗೆ ಅದನ್ನು ನುಂಗಿಬಿಡುತ್ತೆ. ಸೆಂಟಿನ ಬೆಲೆ ಇಲ್ಲಿನ ಆನ್‌ಲೈನ್ ಆಫರ್ ಜೊತೆ ಹೋಲಿಸಿ ನೋಡಿ, ಬಹಳ ಸಲ ವ್ಯತ್ಯಾಸ ಇರಲ್ಲ.

ಸಕಲೇಶಪುರ_ಘಾಟಿ:
ಗೋವಾದಿಂದ ತಂದರೆ ಇದಕ್ಕಿಂತ ಅಗ್ಗ ಅಲ್ವಾ? ಮಿಲಿಟರಿ ಕ್ಯಾಂಟೀನಿನದೂ ಅಗ್ಗ.

ಅಬಕಾರಿ_ಅರಿವು:
ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಗೋವಾದಲ್ಲಿ ಅಗ್ಗ ಇರೋದು ಆ ರಾಜ್ಯದ ತೆರಿಗೆ ಕಡಿಮೆ ಇರೋದಕ್ಕೆ. ಬಾಟಲಿ ಮೇಲೆ ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಇರುತ್ತೆ. ಪರ್ಮಿಟ್ ಇಲ್ಲದೆ ಕರ್ನಾಟಕಕ್ಕೆ ತಂದರೆ ನಮ್ಮ ಅಬಕಾರಿ ಕಾಯ್ದೆಯಲ್ಲಿ ಅಪರಾಧ, ಕಾರವಾರ ಕಡೆ ಮಾಜಾಳಿ ತಪಾಸಣಾ ಠಾಣೆಯಲ್ಲಿ ಕಾರುಗಳನ್ನು ನೋಡ್ತಾರೆ. ಡ್ಯೂಟಿ ಫ್ರೀ ಬಾಟಲಿ ಹಾಗಲ್ಲ, ಅದು ಕಸ್ಟಮ್ಸ್ ದಾಟಿ ಕಾನೂನುಬದ್ಧವಾಗಿ ಬಂದ ನಿಮ್ಮ ಸ್ವಂತ ಬ್ಯಾಗೇಜು. ಕ್ಯಾಂಟೀನಿನ ಮದ್ಯ ಸಿಎಲ್-8 ಲೈಸೆನ್ಸಿನದು, ಸೈನಿಕರಿಗೆ, ಮಾಜಿ ಸೈನಿಕರಿಗೆ ಅವರ ಸ್ವಂತ ಬಳಕೆಗೆ ಕೊಟ್ಟ ಸೌಲಭ್ಯ. ಅದನ್ನು ಕೊಳ್ಳೋಕೆ, ಮಾರೋಕೆ ಬೇರೆಯವರಿಗೆ ಹಕ್ಕಿಲ್ಲ.

ಡ್ಯೂಟಿ ಫ್ರೀ ಬಾಟಲಿಯನ್ನೂ ಮಾರುವಂತಿಲ್ಲ. ‘ದುಬೈ ಮಾಲು, ಅರ್ಧ ರೇಟು’ ಅಂತ ವಾಟ್ಸ್‌ಆ್ಯಪಿನಲ್ಲಿ ಬರೋದನ್ನು ದಯವಿಟ್ಟು ಮುಟ್ಟಬೇಡಿ. ಬಿಲ್ ಇಲ್ಲ, ಕರ್ನಾಟಕ ಅಬಕಾರಿ ಚೀಟಿ ಇಲ್ಲ, ಒಳಗೆ ಏನಿದೆ ಅಂತ ಯಾರೂ ಹೇಳಲಾರರು. ಖಾಲಿ ಬಾಟಲಿ ಸಂಗ್ರಹಿಸಿ ಅಗ್ಗದ ಮಾಲು ತುಂಬೋರು ಹುಡುಕೋದೇ ಇಂಥ ಬ್ರಾಂಡಿನ ಖಾಲಿ ಬಾಟಲಿಗಳನ್ನು. ನಿಮ್ಮ ಮನೆಯ ಖಾಲಿ ಬಾಟಲಿಯನ್ನು ಗುಜರಿಗೆ ಹಾಕುವಾಗಲೂ ಲೇಬಲ್ ಕಿತ್ತು, ಮುಚ್ಚಳ ಬೇರೆ ಮಾಡಿ ಹಾಕಿ. ಮೆಥನಾಲ್ ಬೆರೆತದ್ದು ಕಣ್ಣು ಕಳೆಯುತ್ತೆ, ಜೀವ ತೆಗೆಯುತ್ತೆ.

ಬೀಗರೂಟಕ್ಕೆ ಅಂತ ಡ್ಯೂಟಿ ಫ್ರೀ ಬಾಟಲಿ ಕೂಡಿಡುವವರು ಗಮನಿಸಿ: ಕಲ್ಯಾಣ ಮಂಟಪ, ರೆಸಾರ್ಟ್, ತೋಟದಲ್ಲಿ ಶಾಮಿಯಾನ ಹಾಕಿ ಜನ ಸೇರಿಸಿ ಮದ್ಯ ಹಂಚೋದಾದರೆ ಸಿಎಲ್-5 ತಾತ್ಕಾಲಿಕ ಲೈಸೆನ್ಸ್ ಬೇಕು, ಬಾಟಲಿ ಎಲ್ಲಿಂದಲೇ ಬಂದಿರಲಿ. ಅರ್ಜಿ ಅಬಕಾರಿ ಇಲಾಖೆಗೆ.

ಹೊಳೆನರಸೀಪುರ_ಪ್ರಯಾಣಿಕ:
ಎಲ್ಲರಿಗೂ ಧನ್ಯವಾದ. ಇಬ್ಬರಿಗೆ ನಾಲ್ಕು ಲೀಟರ್, ಬೆಂಗಳೂರಲ್ಲೇ ಮುಂಗಡ ಬುಕಿಂಗ್, ಸ್ಕಾಟ್ಲೆಂಡಿನಲ್ಲೇ ತುಂಬಿದ ಮಾಲ್ಟು. ಇನ್ನೆರಡು ಸಂದೇಹ. ದೇವನಹಳ್ಳಿಯಿಂದ ಹಾಸನದವರೆಗೆ ಕಾರಲ್ಲಿ ನಾಲ್ಕು ಬಾಟಲಿ ಇಟ್ಟುಕೊಂಡು ಬಂದರೆ ಯಾರಾದರೂ ತಡೆದರೆ? ಬ್ರಿಟನ್ ಜೊತೆ ಒಪ್ಪಂದ ಆಗಿದೆಯಲ್ಲ, ಇನ್ನು ಇಲ್ಲೇ ಬೆಲೆ ಬೀಳುತ್ತೆ, ತರೋದೇ ಬೇಡ ಅಂತ ಒಬ್ಬರು ಹೇಳಿದರು.

ಅಬಕಾರಿ_ಅರಿವು:
ಬಿಲ್ ಎಸೆಯಬೇಡಿ, ಇದೊಂದೇ ಮುಖ್ಯ. ಡ್ಯೂಟಿ ಫ್ರೀ ಬಿಲ್ಲಿನಲ್ಲಿ ಪ್ರಯಾಣಿಕರ ಪಾಸ್‌ಪೋರ್ಟ್, ವಿಮಾನದ ವಿವರ ಇರುತ್ತೆ. ಬಾಟಲಿಯ ಮೇಲೆ ಕರ್ನಾಟಕದ ಅಬಕಾರಿ ಚೀಟಿ ಇಲ್ಲದ್ದಕ್ಕೆ ಅದೇ ಉತ್ತರ. ಥರ್ಮಲ್ ಕಾಗದದ ಅಕ್ಷರ ಬಿಸಿಲಿಗೆ ಮಾಸುತ್ತೆ, ಕೊಂಡ ಕೂಡಲೇ ಫೋನಿನಲ್ಲಿ ಚಿತ್ರ ತಗೊಳ್ಳಿ. ಎರಡು ಬಿಲ್ ಇದ್ದರೆ ಎರಡೂ. ಚುನಾವಣೆ ನೀತಿಸಂಹಿತೆ ಜಾರಿಯಲ್ಲಿದ್ದಾಗ ನೆಲಮಂಗಲ, ಚನ್ನರಾಯಪಟ್ಟಣ ದಾರಿಯಲ್ಲಿ ತಾತ್ಕಾಲಿಕ ಚೆಕ್‌ಪೋಸ್ಟ್ ಇರುತ್ತವೆ. ಆಗ ಬಿಲ್, ಪಾಸ್‌ಪೋರ್ಟ್ ಡಿಕ್ಕಿಯಲ್ಲಿ ಹೂತಿಡದೆ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ. ಬಾಟಲಿ ಮೊಹರು ಮಾತ್ರ ಮನೆ ಸೇರೋವರೆಗೆ ಒಡೆಯಬೇಡಿ.

ಕಂದಾಯ_ಕಡತ:
ಬ್ರಿಟನ್ ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಜುಲೈ 24ಕ್ಕೆ. ಅದರ ಪ್ರಕಾರ ಸ್ಕಾಚ್, ಜಿನ್ ಮೇಲಿನ ಸುಂಕ 150 ಶೇಕಡಾದಿಂದ ಮೊದಲು 75ಕ್ಕೆ, ಜಾರಿಯಾದ ಹತ್ತನೇ ವರ್ಷಕ್ಕೆ 40ಕ್ಕೆ ಇಳಿಯಬೇಕು. ಆದರೆ ಇಳಿಯೋದು ಆಮದು ಬೆಲೆಯ ಮೇಲಿನ ಸುಂಕ. ಅಂಗಡಿಯ ಎಂಆರ್‌ಪಿಯಲ್ಲಿ ರಾಜ್ಯದ ಅಬಕಾರಿ, ಆಮದುದಾರರ ಲಾಭ, ಸಾಗಣೆ, ಚಿಲ್ಲರೆ ಲಾಭ ಎಲ್ಲ ಸೇರಿವೆ. ಸುಂಕ ಅರ್ಧಕ್ಕೆ ಇಳಿದರೆ ಬಾಟಲಿ ಅರ್ಧ ಬೆಲೆಗೆ ಬರಲ್ಲ. ಅಮೆರಿಕದ ಬೂರ್ಬನ್ ವಿಸ್ಕಿ ಮೇಲಿನ ಸುಂಕವನ್ನು 2025ರ ಫೆಬ್ರವರಿಯಲ್ಲೇ 150ರಿಂದ 100ಕ್ಕೆ ಇಳಿಸಿದ್ದಾರೆ. ಬೂರ್ಬನ್ ಇಷ್ಟಪಡುವವರು ಕೆಎಸ್‌ಬಿಸಿಎಲ್ ಪಟ್ಟಿಯನ್ನು ಹೊಸದಾಗಿ ನೋಡಿ, ಆಮೇಲೆ ಪಾಲನ್ನು ಅದಕ್ಕೆ ಕೊಡೋದಾ, ಮಾಲ್ಟಿಗೆ ಕೊಡೋದಾ ತೀರ್ಮಾನಿಸಿ. ಪ್ರತಿ ಸಲ ಹೊರಡೋ ಮೊದಲು ಆ ಹೋಲಿಕೆ ಹೊಸದಾಗಿ ಮಾಡಬೇಕು.

ಎಂಆರ್‌ಪಿ_ಲೆಕ್ಕ:
ಇಡುವ ಬಗ್ಗೆ ಒಂದು ಮಾತು. ಮಾಲ್ಟ್ ಬಾಟಲಿಗೆ ಬಿರಡೆ ಕಾರ್ಕಿನದಾಗಿದ್ದರೆ ಕಾರಿನಲ್ಲೂ ಮನೆಯಲ್ಲೂ ನೆಟ್ಟಗೆ ನಿಲ್ಲಿಸಿ. ವೈನಿನ ಹಾಗೆ ಮಲಗಿಸಿದರೆ 40 ಶೇಕಡಾ ಆಲ್ಕೋಹಾಲು ಕಾರ್ಕನ್ನು ತಿಂದು ಪುಡಿ ಮಾಡುತ್ತೆ, ತೆರೆಯುವಾಗ ಮುರಿಯುತ್ತೆ. ಡಿಕ್ಕಿಯಲ್ಲಿ ಎರಡು ಬಾಟಲಿಯ ಗಾಜು ಒಂದಕ್ಕೊಂದು ತಗಲದ ಹಾಗೆ ನಡುವೆ ಟವೆಲ್ ಸುತ್ತಿ, ಅಕ್ಕಪಕ್ಕ ಸೂಟ್‌ಕೇಸ್ ಒತ್ತಿಡಿ. ಅಂಗಡಿಯವರು ಕೊಡುವ ರಟ್ಟಿನ ಪೆಟ್ಟಿಗೆ ಬಿಸಾಡಬೇಡಿ, ಮನೆಯಲ್ಲಿ ಬೆಳಕು ಬೀಳದಂತೆ ಅದರಲ್ಲೇ ಇಟ್ಟರೆ ಬಣ್ಣ, ರುಚಿ ಕೆಡಲ್ಲ. ಒಡೆದ ಮೇಲೆ ಬಾಟಲಿ ಕಾಲು ಭಾಗಕ್ಕೆ ಇಳಿದರೆ ಒಳಗಿನ ಗಾಳಿಗೆ ವಾಸನೆ ಬೇಗ ಸಪ್ಪೆಯಾಗುತ್ತೆ, ಸಣ್ಣ ಗಾಜಿನ ಬಾಟಲಿಗೆ ಬಗ್ಗಿಸಿ ಮುಚ್ಚಿಡಿ.